ಹನ್ನೊಂದೂವರೆಯ ನಿದ್ದೆ

ರಾಯಾಪುರ, ಹೊರಡುವ ಮುಂಚೆ

ವಿಮಾನ ತಪ್ಪಬಹುದಿತ್ತು. ವಿಮಾನ ಸಿಕ್ಕು ಪೆಟ್ಟಿಗೆ ತಪ್ಪಬಹುದಿತ್ತು. ಪೆಟ್ಟಿಗೆ ಸಿಕ್ಕು, ಅದರೊಳಗಿನ ನಟ್ಟು ಬಿಚ್ಚುವ ಪಾನಾಗಳನ್ನು ಕಂಡು ಪೊಲೀಸರು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ಯಬಹುದಿತ್ತು. ಮೊದಲೇ ಹಡಗಿನಲ್ಲಿ ಹೋಗಿದ್ದ ನಮ್ಮ ಯಂತ್ರ ತುಕ್ಕು ಹಿಡಿದಿರಬಹುದಿತ್ತು, ಮುಳುಗಿರಬಹುದಿತ್ತು, ಇಲ್ಲವೇ ಬೇರಾವುದೋ ದೇಶದಲ್ಲಿಳಿದು ಯಾರದೋ ಸಕ್ಕರೆ ತುಂಬುತ್ತ ಸುಖವಾಗಿರಬಹುದಿತ್ತು. ಅಲ್ಲಿಯ ಕರೆಂಟು ನಮ್ಮ ಮೋಟಾರಿಗೆ ಒಗ್ಗದಿರಬಹುದಿತ್ತು. ಅಲ್ಲಿಯ ಊಟ ನನ್ನ ಹೊಟ್ಟೆಗೆ ಒಗ್ಗದಿರಬಹುದಿತ್ತು. ನನ್ನ ಜೊತೆ ಬರುವವರಲ್ಲಿ ಈರಪ್ಪ ಕಾಕಾನಿಗೆ ಆಕಾಶದಲ್ಲಿ ಬಿ.ಪಿ. ಏರಬಹುದಿತ್ತು. ಗ್ರೇಸ್‌ಳ ಲ್ಯಾಪ್‌ಟಾಪ್ ಮೇಲೆ ಯಾರಾದರೂ ಚಹಾ ಚೆಲ್ಲಬಹುದಿತ್ತು. ಆ ಯಾರಾದರೂ ನಾನೇ ಆಗಿರಬಹುದಿತ್ತು.

ಇವು ಸುಮ್ಮನೆ ಮನಸ್ಸಿನಲ್ಲಿ ಬಂದುಹೋದ ವಿಚಾರಗಳಲ್ಲ. ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದವು. ಒಟ್ಟು ನಲವತ್ತು. ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಒಂದು ಬಿಟ್ಟೀರಿ," ಎಂದಳು.

"ಯಾವುದು? ಭೂಕಂಪ?" ಎಂದು ಪೆನ್ನು ತೆಗೆದೆ. ಬರೆದುಕೊಂಡು ತಲೆ ಎತ್ತುವಷ್ಟರಲ್ಲಿ ಆಕೆ ಅಡಿಗೆಮನೆಗೆ ಹೋಗಿಯಾಗಿತ್ತು. ನಲವತ್ತೊಂದಾಯಿತು.

ನಮ್ಮ ಕಾರ್ಖಾನೆ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಖಾರದ ಪುಡಿ, ಅರಿಷಿಣ ಪುಡಿಗಳನ್ನು ತೂಗಿ ಪಾಕೀಟು ಮಾಡುವ ಯಂತ್ರಗಳನ್ನು ಕಟ್ಟುತ್ತೇವೆ. ಮೂವತ್ತು ಜನ ಇದ್ದೇವೆ. ಅದರಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್, ಅಂದರೆ ಯಂತ್ರ ಓಡಿದರೆ ಕಾಣದ, ನಿಂತರೆ ಎದ್ದು ಕಾಣುವ ಮನುಷ್ಯ. ಮನೆ ರಾಯಾಪುರದಲ್ಲಿ. ಹುಬ್ಬಳ್ಳಿಯವರು ನನ್ನನ್ನು ಧಾರವಾಡದವನೆಂದೂ ಧಾರವಾಡದವರು ಹುಬ್ಬಳ್ಳಿಯವನೆಂದೂ ತಿಳಿದಿದ್ದಾರೆ. ಎರಡು ಕಡೆಯವರಿಗೂ ಸಲ್ಲದೆ ನಡುವೆ ಬದುಕುವ ಅಭ್ಯಾಸ ನನ್ನ ಕೆಲಸಕ್ಕೆ ಬಹಳ ಉಪಯೋಗಕ್ಕೆ ಬಂದಿದೆ.

ವಿಯೆಟ್ನಾಮಿನ ಒಂದು ಕಾರ್ಖಾನೆ ಕಾಳುಮೆಣಸಿನ ಪುಡಿಗಾಗಿ ನಮ್ಮಿಂದ ಒಂದು ಯಂತ್ರ ತರಿಸಿಕೊಂಡಿತ್ತು. ನಾವು ಮೂವರು ಹೋಗಿ ಅದನ್ನು ನಿಲ್ಲಿಸಿ, ಐದನೆಯ ದಿನ ಪೂರ್ತಿ ಒಂದು ಪಾಳಿ ಓಡಿಸಿ ತೋರಿಸಬೇಕು. ನೂರು ಗ್ರಾಂ ಪಾಕೀಟು ನೂರು ಗ್ರಾಮೇ ತೂಗಬೇಕು, ಹೆಚ್ಚೆಂದರೆ ಒಂದು ಗ್ರಾಂ ಅತ್ತಿತ್ತ. ಅವರು ಒಪ್ಪಿ ಸಹಿ ಹಾಕಿದರೆ ಇನ್ನೂ ಮೂರು ಯಂತ್ರಗಳ ಆರ್ಡರು. ನಮ್ಮ ಮೂವತ್ತು ಜನಕ್ಕೆ ಅದು ಬರುವ ವರ್ಷದ ಕೆಲಸ. ಒಪ್ಪದಿದ್ದರೆ ಏನೆಂದು ನಾನು ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ. ಬೀಳ್ಕೊಡುವಾಗ ಮಾಲೀಕರು, "ನೀವು ಅದೀರಿ ಅಂತ ನಾ ಆರಾಮ ಅದೇನಿ," ಎಂದರು. ಆ ಮಾತು ಕೇಳಿದ ಮೇಲೆ ನಾನು ಎರಡು ದಿನ ಆರಾಮ ಇರಲಿಲ್ಲ.

ದಾರಿಯಲ್ಲಿ

ಈರಪ್ಪ ಕಾಕಾ ಶಿರಗುಪ್ಪಿಯವರು, ನಮ್ಮ ಹಿರಿಯ ಫಿಟ್ಟರ್. ಯಂತ್ರದ ಮೇಲೆ ಕೈ ಇಟ್ಟು ಅದರ ಜ್ವರ ಹೇಳಬಲ್ಲರು. ಗ್ರೇಸ್ ಧಾರವಾಡದವಳು. ತಾಯಿ ಮಿಷನ್ ಸಾಲಿಯಲ್ಲಿ ಟೀಚರಾಗಿದ್ದವರು, ಆದ್ದರಿಂದ ಮಾತು ತೂಗಿ ಆಡುತ್ತಾಳೆ. ಯಂತ್ರದ ಪ್ರೋಗ್ರಾಮು ಬರೆಯುವುದು ಅವಳ ಕೆಲಸ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನನ್ನಷ್ಟು ಚಿಂತೆ ಮಾಡದವಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಕಾಕಾನ ಚೀಲವನ್ನು ಪಕ್ಕಕ್ಕೆಳೆದಳು. ಪರದೆಯ ಮೇಲೆ ದುಂಡಗಿನ ತೆಳು ತಗಡುಗಳಂಥವು ಒಂದರ ಮೇಲೊಂದು ಕಂಡಿದ್ದವಂತೆ. ನನ್ನ ಪಟ್ಟಿಯ ಒಂಬತ್ತನೆಯದು ನಡೆದೇಬಿಟ್ಟಿತು ಎಂದುಕೊಂಡೆ. ಕಾಕಾ ಅರಿವೆ ಬಿಚ್ಚಿ, ಒಂದು ಕಡಕ್ ರೊಟ್ಟಿ ತೆಗೆದು, ಆಕೆಯ ಮುಂದೆಯೇ ಟಪ್ಪನೆ ಮುರಿದು ಬಾಯಿಗೆ ಹಾಕಿಕೊಂಡರು.

"ತಗೋರಿ ತಂಗಿ, ಶೇಂಗಾ ಚಟ್ನಿನೂ ಐತಿ," ಎಂದರು.

ಆಕೆ ನಕ್ಕು ಬಿಟ್ಟುಕೊಟ್ಟಳು. ನಾನು ನಲವತ್ತೊಂದು ವಿಷಯ ಬರೆದು ಮಾಡಲಾಗದ್ದನ್ನು ಕಾಕಾ ಒಂದು ರೊಟ್ಟಿಯಲ್ಲಿ ಮಾಡಿದ್ದರು. ಆಗಲೇ ನನಗೆ ತಿಳಿಯಬೇಕಿತ್ತು.

ಮೊದಲ ದಿನ: ನಿಮ್ಮ ವಯಸ್ಸೆಷ್ಟು

ಕಾರ್ಖಾನೆ ಹೋ ಚಿ ಮಿನ್ ನಗರದಿಂದ ಎರಡು ತಾಸಿನ ದಾರಿ. ಎಷ್ಟು ಮೋಟಾರ್ ಸೈಕಲ್ಲುಗಳೆಂದರೆ, ರಸ್ತೆ ದಾಟುವಾಗ ನಾನು ಹುಬ್ಬಳ್ಳಿಯ ಚನ್ನಮ್ಮ ಸರ್ಕಲನ್ನು ಪ್ರೀತಿಯಿಂದ ನೆನೆದೆ. ಆದರೆ ಹಾರ್ನಿನಲ್ಲಿ ಸಿಟ್ಟಿರಲಿಲ್ಲ. ನಾನು ಬಂದೆ ಎಂದಷ್ಟೇ ಹೇಳುತ್ತಿದ್ದವು.

ಪಾಕೀಟು ವಿಭಾಗದ ಮುಖ್ಯಸ್ಥೆ ಹಾನ್ ಎಂಬ ಹೆಂಗಸು. ಸಣ್ಣ ಆಳು, ನೀಲಿ ಟೋಪಿ, ನಿಧಾನದ ಇಂಗ್ಲಿಷು. ಕುಳಿತ ಕೂಡಲೇ ಮೂವರ ವಯಸ್ಸನ್ನೂ ಕೇಳಿದರು. ನಮ್ಮಲ್ಲಿ ಹೆಂಗಸರ ವಯಸ್ಸನ್ನು ಹೀಗೆ ಕೇಳಿದರೆ ಮುಂದಿನ ಮಾತು ಬೇರೆಯೇ ಆಗುತ್ತದೆ. ಗ್ರೇಸ್ ಮೂವತ್ತೊಂದು ಎಂದಳು. ನಾನು ಐವತ್ತೊಂದು. ಕಾಕಾ ಐವತ್ತೆಂಟು. ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಗೊತ್ತಾಗದೆ ಅವರ ಭಾಷೆಯಲ್ಲಿ ಮಾತೇ ಹೊರಡುವುದಿಲ್ಲವಂತೆ. ಎಲ್ಲರೂ ಒಬ್ಬರಿಗೊಬ್ಬರು ಅಣ್ಣ, ಅಕ್ಕ, ದೊಡ್ಡಪ್ಪ. ಬಸ್ಸಿನ ಕಂಡಕ್ಟರನಿಗೂ ಅಣ್ಣಾ ಎನ್ನುವ ನಾಡಿನಿಂದ ಹೋದ ನಮಗೆ ಇದು ಹೊಸದೇನಲ್ಲ. ಹೊಸದೆಂದರೆ, ಕಾರ್ಖಾನೆಯ ಒಳಗೂ ಅವರು ಅದನ್ನು ಬಿಡುವುದಿಲ್ಲ. ಕಾಕಾನ ಹೆಸರು 'ಬಾಕ್ ಈರಪ್ಪ' ಆಯಿತು, ಅಂದರೆ ದೊಡ್ಡಪ್ಪ. ಮೊದಲ ಕಪ್ ಚಹಾ ಅವರಿಗೆ. ಒಳ್ಳೆಯ ಕುರ್ಚಿ ಅವರಿಗೆ. ನನಗೆ ಎರಡನೆಯ ಕಪ್, ಒಂದು ಸ್ಟೂಲು.

"ನಂದು ಪ್ರಮೋಷನ್ ಆತ್ರಿ ಸಾಹೇಬ್ರ," ಎಂದರು ಕಾಕಾ.

ಎರಡನೆಯ ದಿನ: ಕತ್ತಲು

ಬೆಳಿಗ್ಗೆ ಯಂತ್ರ ಮದುಮಗನ ಹಾಗೆ ಓಡಿತು. ಹನ್ನೊಂದೂವರೆಗೆ ಫಕ್ಕನೆ ದೀಪಗಳೆಲ್ಲ ಆರಿದವು. ಫ್ಯಾನುಗಳು ನಿಂತವು. ಹದಿನೇಳನೆಯದು, ಎಂದು ಮನಸ್ಸು ಕೂಗಿತು. ವಿದ್ಯುತ್ ಕೈಕೊಡುವುದು. ಮೊಬೈಲಿನ ಬೆಳಕು ಹಾಕಿಕೊಂಡು ಪ್ಯಾನೆಲ್ ಕಡೆ ಓಡಿದೆ, ಯಾರದೋ ಕಾಲು ಎಡವಿದೆ. ಬೆಳಕು ಕೆಳಗೆ ಬಿಟ್ಟು ನೋಡಿದರೆ ನೆಲದ ತುಂಬ ರಟ್ಟು ಹಾಸಿಕೊಂಡು, ಕಣ್ಣಿಗೆ ಟೋಪಿ ಎಳೆದುಕೊಂಡು ಜನ ಸಾಲಾಗಿ ಮಲಗಿದ್ದಾರೆ. ಎಡವಿಸಿಕೊಂಡವನು ಸಿಟ್ಟಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಮತ್ತೆ ಕಣ್ಣು ಮುಚ್ಚಿದ.

ಕರೆಂಟು ಹೋಗಿರಲಿಲ್ಲ, ದೀಪ ಆರಿಸಿದ್ದು ಅವರೇ. ಊಟ ಮುಗಿಸಿ ಒಂದು ತಾಸು ನಿದ್ದೆ. ದಿನಾಲೂ, ಎಲ್ಲರೂ, ಹಾನ್ ಕೂಡ. ಧಾರವಾಡದಲ್ಲೂ ಮಧ್ಯಾಹ್ನ ಮಲಗುತ್ತಾರೆ, ಆದರೆ ಒಪ್ಪಿಕೊಳ್ಳುವುದಿಲ್ಲ. ಕದ ತೆಗೆದವರು ಕೆನ್ನೆಯ ಮೇಲೆ ಚಾಪೆಯ ಗೆರೆ ಹೊತ್ತುಕೊಂಡೇ "ಇಲ್ರಿ, ಸುಮ್ನ ಅಡ್ಡಾಗಿದ್ದೆ" ಎನ್ನುತ್ತಾರೆ. ಇಲ್ಲಿ ನಿದ್ದೆಯೂ ಪಾಳಿಯ ಒಂದು ಭಾಗ. ನನ್ನ ವೇಳಾಪಟ್ಟಿಯಲ್ಲಿ 'ಊಟ: ಇಪ್ಪತ್ತು ನಿಮಿಷ' ಎಂದಿತ್ತು.

ದೀಪ ಬಂದ ಮೇಲೆ ಯಂತ್ರ ಚಾಲೂ ಮಾಡಿದೆವು. ತೊಂಬತ್ತಾರು ಗ್ರಾಂ. ತೊಂಬತ್ತನಾಲ್ಕು. ತೊಂಬತ್ತೈದು. ಇಪ್ಪತ್ತು ನಿಮಿಷ ಹೀಗೇ ನಡೆದು ಮತ್ತೆ ತಾನಾಗಿಯೇ ನೂರಕ್ಕೆ ಬಂತು. ಹಾನ್ ತಕ್ಕಡಿಯ ಹತ್ತಿರ ಬಂದರು. ಹಗುರ ಪಾಕೀಟುಗಳನ್ನು ಒಂದು ಬುಟ್ಟಿಯಲ್ಲಿ ಕೂಡಿಸಿ ನನ್ನ ಸ್ಟೂಲಿನ ಪಕ್ಕದಲ್ಲಿಟ್ಟರು.

ಸಂಜೆ ನನ್ನ ತಂಡದ ಮೀಟಿಂಗ್ ಮಾಡಿದೆ. ಮೀಟಿಂಗ್ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಗೋಕುಲ ರಸ್ತೆಯಲ್ಲಿ ಕಡಿಮೆ. ನಲವತ್ತು ನಿಮಿಷ ಮಾತಾಡಿದೆ. ತೂಕದ ಸೆನ್ಸರಿನ ಮೇಲೆ ಸಂಶಯವಿದೆ, ಗ್ರೇಸ್ ಅದರ ಅಂಕಿಗಳನ್ನು ಬದಲಿಸಬೇಕು ಎಂದೆ. "ಹೂನ್ರಿ ಸರ್," ಎಂದಳು. ಕಾಕಾ ಪುಡಿ ಕೆಳಗೆ ತಳ್ಳುವ ಸ್ಕ್ರೂ ಬಿಚ್ಚಿ ತೊಳೆಯಬೇಕು ಎಂದೆ. "ಆಕ್ಕೈತ್ರಿ," ಎಂದರು. ಎಲ್ಲರೂ ಒಪ್ಪಿದ ತೃಪ್ತಿಯಲ್ಲಿ ಮಲಗಿದೆ.

ಮೂರನೆಯ ದಿನ: ಒಂದೇ ದನಿ

ಬೆಳಿಗ್ಗೆ ಏಳೂವರೆಗೆ ಹಾನ್ ತಮ್ಮ ಜನರನ್ನು ದುಂಡಗೆ ನಿಲ್ಲಿಸಿಕೊಂಡಿದ್ದರು. ಅಲ್ಲಿಯೂ ಮೀಟಿಂಗ್. ಆದರೆ ಮೊದಲು ಮಾತಾಡಿದ್ದು ಆ ತಿಂಗಳು ಕೆಲಸಕ್ಕೆ ಸೇರಿದ ಒಬ್ಬ ಹೆಂಗಸು. ಆಮೇಲೆ ಅವಳಿಗಿಂತ ಹಳಬ, ಆಮೇಲೆ ಇನ್ನೂ ಹಳಬರು. ಹಾನ್ ಎಲ್ಲರ ಕೊನೆಗೆ, ಎರಡು ಮಾತು. ಮುಗಿಯಿತು. ಕೇಳಿದರೆ ಹೇಳಿದರು: "ದಿನಾ ಒಂದೇ ಪ್ರಶ್ನೆ ಕೇಳುತ್ತೇನೆ. ನಿನ್ನೆ ನಿಮ್ಮ ಕೈ ಎಲ್ಲಿ ನಿಂತಿತು? ನಾನೇ ಮೊದಲು ಮಾತಾಡಿದರೆ ಯಾರ ಕೈಯೂ ಎಲ್ಲೂ ನಿಂತಿರುವುದಿಲ್ಲ."

ಛಲೋ ಪದ್ಧತಿ, ಚಿಕ್ಕವರಿಗೆ ಉತ್ತೇಜನ ಸಿಗುತ್ತದೆ ಎಂದು ಮೆಚ್ಚಿಕೊಂಡೆ. ನನಗೂ ಅದಕ್ಕೂ ಸಂಬಂಧವಿದೆ ಅನ್ನಿಸಲಿಲ್ಲ.

ಮಧ್ಯಾಹ್ನ ನಿದ್ದೆಯ ನಂತರ ಮತ್ತೆ ತೊಂಬತ್ತೈದು, ತೊಂಬತ್ತಮೂರು. ಇಪ್ಪತ್ತು ನಿಮಿಷ ಕಳೆದ ಮೇಲೆ ಈ ಸಲ ನೂರಕ್ಕೆ ನಿಲ್ಲದೆ ನೂರಾ ನಾಲ್ಕಕ್ಕೆ ಹೋಯಿತು. ಉಳಿದದ್ದು ಒಂದೇ ದಿನ. ಸಂಜೆ ಮತ್ತೆ ಮೀಟಿಂಗ್, ಈ ಸಲ ಐವತ್ತು ನಿಮಿಷ. ಮುಗಿಸಿ ಹೊರಬಂದರೆ ಗಾಜಿನ ಆಚೆ ಹಾನ್ ನಿಂತಿದ್ದರು.

"ನೀವು ಮೂವರಿದ್ದೀರಿ," ಎಂದರು. "ನನಗೆ ಒಂದೇ ದನಿ ಕೇಳಿತು."

"ಎಲ್ಲರೂ ಒಪ್ಪಿದರಲ್ಲ."

"ಬಾಕ್ ಈರಪ್ಪ ಒಪ್ಪಿದ್ದನ್ನು ನಾನು ನೋಡಲಿಲ್ಲ. ಅವರು ಛಾವಣಿ ನೋಡುತ್ತಿದ್ದರು."

ಒಳಗೆ ಹೋದೆ. ಕಾಕಾ ರೊಟ್ಟಿಯ ಚೂರುಗಳಿಗೆ ಚಟ್ನಿ ಹಚ್ಚುತ್ತಿದ್ದರು, ಗ್ರೇಸ್ ಕೈಯೊಡ್ಡಿ ಕೂತಿದ್ದಳು.

"ಕಾಕಾ, ಖರೇ ಹೇಳ್ರಿ. ಏನಾಗೇತಿ ಇದಕ್ಕ?"

"ನನ್ನ ಕೇಳಾಕತ್ತೀರೇನ್ರಿ, ಇಲ್ಲಾ ಹೂಂ ಅನಿಸ್ಕೊಳ್ಳಾಕ ಬಂದೀರಿ?"

"ಕೇಳಾಕತ್ತೇನಿ."

"ಹಂಗಾರ ಕುಂಡ್ರ್ರಿ. ಪುಡಿ ಬೆವರತೈತ್ರಿ. ಇವರು ಮಲಗಿದಾಗ ಫ್ಯಾನ್ ಬಂದ್. ಮ್ಯಾಲಿನ ಡಬ್ಬ್ಯಾಗ ಪುಡಿ ಒಂದು ತಾಸು ಸುಮ್ನ ಕುಂತು ಗ್ವಾಡಿಗೆ ಅಂಟತೈತಿ. ನಡುವ ಪೊಳ್ಳ ಬೀಳತೈತಿ, ಸ್ಕ್ರೂಗೆ ಪುಡಿ ಸಿಗೂದಿಲ್ಲ. ಮಳಿಗಾಲದಾಗ ನಮ್ಮ ಮನ್ಯಾಗ ಕಡ್ಲಿ ಹಿಟ್ಟು ಹಿಂಗ ಆಕ್ಕೈತಿ. ನಾವು ಹುಬ್ಬಳ್ಳ್ಯಾಗ ಬಿರುಬಿಸಿಲಾಗ ಓಡಿಸಿ ನೋಡೇವಿ, ಅಲ್ಲೇನು ಗೊತ್ತಾಕ್ಕೈತ್ರಿ."

"ಇದು ನಿಮಗ ಯಾವಾಗ ಗೊತ್ತಾತು?"

"ನಿನ್ನೆ ಮಧ್ಯಾಹ್ನ."

"ಮತ್ತ ಹೇಳಬೇಕಿಲ್ಲೋ?"

"ಹೆಂಗ ಹೇಳಲಿ? ನೀವು ಮಾತಾಡಾಕತ್ತಿದ್ರಿ."

ಗ್ರೇಸ್ ಗಂಟಲು ಸರಿಮಾಡಿಕೊಂಡಳು. "ಸರ್, ಸೆನ್ಸರ್ ಮೊದಲಿನಿಂದನೂ ಸರಿನ ಅದ. ನೀವು ಹೇಳಿದ್ರಿ ಅಂತ ಇವತ್ತ ತೂಕ ಕಡಿಮಿ ಬಂದ ಮ್ಯಾಲೆ ಅಂಕಿ ಬದಲ್ ಮಾಡಿದೆ. ನೂರಾ ನಾಲ್ಕು ಬಂದದ್ದು ಅದಕ್ಕ. ಅದನ್ನ ತಿರುಗಿ ಮೊದಲಿನಂಗ ಮಾಡ್ಲೇನು?"

ಯಂತ್ರದಲ್ಲಿ ಎರಡು ದೋಷಗಳಿದ್ದವು. ಅವುಗಳಲ್ಲಿ ಒಂದು ನಾನು ಹಾಕಿದ್ದು. ಹದಿನೆಂಟು ವರ್ಷದಿಂದ ತಂಡ ನಡೆಸುತ್ತಿದ್ದೇನೆ, ನನ್ನ ತಂಡದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎಂದು ಹೆಮ್ಮೆಪಟ್ಟಿದ್ದೇನೆ. ಇರಲಿಲ್ಲವೆಂದಲ್ಲ, ಅದು ಬರುವುದಕ್ಕೆ ನಾನು ಜಾಗ ಬಿಟ್ಟಿರಲಿಲ್ಲ.

ನಾಲ್ಕನೆಯ ದಿನ: ಒಂದು ಚಪ್ಪಲಿ

ಬೆಳಿಗ್ಗೆ ನಾವು ಮೂವರೂ ದುಂಡಗೆ ನಿಂತೆವು. ಮೂವರಿಗೆ ದುಂಡಗೆ ನಿಲ್ಲುವುದು ಕಷ್ಟ, ತ್ರಿಕೋನವಾಗುತ್ತದೆ. ಚಿಕ್ಕವಳು ಮೊದಲು ಎಂದೆ. ನನ್ನ ಬಾಯಿಯ ಮೇಲೆ ನನಗೆ ಭರವಸೆಯಿಲ್ಲದ್ದರಿಂದ ಒಂದು ಲವಂಗ ಇಟ್ಟುಕೊಂಡು ಹಲ್ಲು ಬಿಗಿಹಿಡಿದೆ.

ನಿದ್ದೆಗೆ ಮುಂಚೆ ಡಬ್ಬಿ ಖಾಲಿ ಮಾಡಿದರಾಯಿತು ಎಂದಳು ಗ್ರೇಸ್. ಮಾಡಿ ನೋಡಿದೆವು. ಮೆಣಸಿನ ಪುಡಿ ಎದ್ದು ಇಡೀ ವಿಭಾಗ ಸೀನತೊಡಗಿತು. ಇಪ್ಪತ್ತು ಜನ ಬೇರೆ ಬೇರೆ ತಾಳದಲ್ಲಿ ಸೀನುವುದನ್ನು ಹಾನ್ ಸ್ವಲ್ಪ ಹೊತ್ತು ನೋಡಿ, ತಾವೂ ಸೀನಿ, ಬೇಡವೆಂದು ಕೈಯಾಡಿಸಿದರು.

ಎರಡನೆಯ ಉಪಾಯವೂ ಗ್ರೇಸ್‌ಳದೇ. ಡಬ್ಬಿಯೊಳಗೆ ಪುಡಿ ಕಲಕುವ ಒಂದು ಕೈ ಇದೆ. ಬೇರೆಲ್ಲ ನಿಂತಾಗಲೂ ಅದೊಂದು ನಿಧಾನಕ್ಕೆ ತಿರುಗುತ್ತಿರುವಂತೆ ಪ್ರೋಗ್ರಾಮು ಬದಲಿಸಿದಳು. ಪುಡಿ ಅಂಟಲಿಲ್ಲ. ಆದರೆ ಬೆಳಗಿನ ಚಹಾಕ್ಕೆ ಬೇರೆ ಯಂತ್ರಗಳೆಲ್ಲ ನಿಂತಾಗ ಅದರ ಸದ್ದು ಕೇಳಿಸಿತು. ಟಕ್, ಟಕ್, ಟಕ್. ಖಾಲಿ ಚಕ್ಕಡಿ ಗಾಡಿ ಹೋದ ಹಾಗೆ.

ಹಾನ್ ತಲೆ ಅಲ್ಲಾಡಿಸಿದರು. "ನನ್ನ ಜನ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾರೆ. ಈ ಒಂದು ತಾಸು ಅವರದು. ಅವರನ್ನು ಎಬ್ಬಿಸುವ ಯಂತ್ರ ಎಷ್ಟು ಸರಿಯಾಗಿ ತೂಗಿದರೂ ನಾನು ಸಹಿ ಹಾಕುವುದಿಲ್ಲ."

ನನ್ನ ಬಾಯಿ ತೆರೆಯಿತು. ಕರಾರಿನಲ್ಲಿ ನಿದ್ದೆಯ ಮಾತೇ ಇಲ್ಲ, ಅದರ ಇಷ್ಟನೆಯ ಪುಟದಲ್ಲಿ ಹೀಗಿದೆ ಎಂದು ಹೇಳಲು ಎಲ್ಲ ಸಿದ್ಧವಾಗಿತ್ತು. ಲವಂಗ ಕಡಿದೆ. ಕಾಕಾನ ಕಡೆ ನೋಡಿದೆ. ಗ್ರೇಸ್ ಆ ಮಾತನ್ನು ಅವರಿಗೆ ಕನ್ನಡದಲ್ಲಿ ಹೇಳಿದಳು.

"ಬರೋಬ್ಬರಿ ಹೇಳ್ಯಾರ ಈ ತಂಗಿ," ಎಂದರು ಕಾಕಾ. "ನನ್ನ ನಿದ್ದಿ ಕೆಡಿಸಿದ್ರ ನಾನರ ಬಿಡತೇನೇನು? ಸದ್ದು ಪುಡ್ಯಾಗಿಂದಲ್ಲ, ಹೊರಗಿನ ಚೈನ್ ಸಡ್ಲ ಐತಿ. ಒಂದು ಕೊಂಡಿ ತಗೀತೇನಿ. ಚೈನ್ ಬಡಿಯೂ ಕಡಿ ಮೆತ್ತಗಿನ ರಬ್ಬರ್ ಒಂದು ತುಂಡು ಬೇಕ್ರಿ."

ಇಡೀ ಕಾರ್ಖಾನೆಯಲ್ಲಿ ಬೇಕಾದ ದಪ್ಪದ ರಬ್ಬರ್ ಸಿಗಲಿಲ್ಲ. ಎರಡು ದಿನದ ಹಿಂದೆ ನಾನು ಎಡವಿದ್ದ ಮನುಷ್ಯ ಎಲ್ಲ ನೋಡುತ್ತಿದ್ದವನು ಹೋಗಿ ತನ್ನ ಹಳೆಯ ಚಪ್ಪಲಿ ಜೋಡು ತಂದುಕೊಟ್ಟ. ಕಾಕಾ ಒಂದನ್ನು ತೊಳೆದು, ಒರೆಸಿ, ಅಳೆದು ಕತ್ತರಿಸಿದರು. ಇನ್ನೊಂದನ್ನು ತಿರುಗಿ ಕೊಡಹೋದರೆ ಅವನು ತೆಗೆದುಕೊಳ್ಳಲಿಲ್ಲ, ಒಂದೇ ಇಟ್ಟುಕೊಂಡು ಏನು ಮಾಡಲಿ ಎಂಬಂತೆ ಕಾಲು ತೋರಿಸಿ ನಕ್ಕ. ನಾನು ಆ ಹೊತ್ತಿನಲ್ಲಿ ಮಾಡಿದ್ದೆಂದರೆ ಬೆಳಕು ಹಿಡಿದದ್ದು, ಚಹಾ ತಂದದ್ದು, ಮತ್ತು ಮಧ್ಯಾಹ್ನ ಒಂದು ಸಲ ಪರೀಕ್ಷೆಗೆ ಬಿಡಿ ಎಂದು ಹಾನ್ ಅವರನ್ನು ಒಪ್ಪಿಸಿದ್ದು. ಹದಿನೆಂಟು ವರ್ಷಗಳಲ್ಲಿ ಅಷ್ಟು ಉಪಯೋಗದ ಕೆಲಸ ನಾನು ಕೆಲವೇ ದಿನ ಮಾಡಿದ್ದೇನೆ.

ಹನ್ನೊಂದೂವರೆಗೆ ಹಾನ್ ತಮ್ಮ ರಟ್ಟನ್ನು ತಂದು ನಮ್ಮ ಯಂತ್ರದ ಬುಡದಲ್ಲೇ ಹಾಸಿ, ಟೋಪಿ ಮುಖದ ಮೇಲಿಟ್ಟುಕೊಂಡು ಮಲಗಿದರು. ನಾವು ಮೂವರು ಉಸಿರು ಹಿಡಿದು ನಿಂತೆವು. ಡಬ್ಬಿಯೊಳಗಿನ ಕೈ ಬೆಕ್ಕಿನ ಹಾಗೆ ತಿರುಗುತ್ತಿತ್ತು. ಹನ್ನೆರಡೂವರೆಗೆ ದೀಪ ಬಂತು. ಅವರು ಎದ್ದು ರಟ್ಟು ಮಡಚಿದರು.

"ನನಗೆ ನಿದ್ದೆ ಬಂತು," ಎಂದರು.

ಐದನೆಯ ದಿನ: ಪರೀಕ್ಷೆ

ಹನ್ನೊಂದೂವರೆಯವರೆಗೆ ಪಾಕೀಟುಗಳೆಲ್ಲ ಸರಿಯಾಗಿದ್ದವು. ದೀಪ ಆರಿತು. ನಾನು ನೋಟ್‌ಬುಕ್ ಎದೆಗವಚಿಕೊಂಡು ಯಂತ್ರದ ಪಕ್ಕ ನಿಂತೆ. ಹಾನ್ ಬಂದು ನನ್ನ ಕೈಗೆ ಒಂದು ರಟ್ಟು ಕೊಟ್ಟರು.

"ಮಲಗಿದವರ ನಡುವೆ ಒಬ್ಬ ನಿಂತಿದ್ದರೆ ಯಾರಿಗೂ ನಿದ್ದೆ ಬರುವುದಿಲ್ಲ."

"ನನಗೆ ಹಗಲು ನಿದ್ದೆ ಬರುವುದಿಲ್ಲ," ಎಂದೆ.

"ಅಡ್ಡಾಗ್ರಿ ಸಾಹೇಬ್ರ," ಎಂದರು ಕಾಕಾ ಕತ್ತಲಲ್ಲಿ. "ಪಾಳಿ ಹಾಕ್ಕೊಂಡೇವಿ. ಮೊದಲ ಅರ್ಧ ತಾಸು ನಾ, ಆಮ್ಯಾಲೆ ಗ್ರೇಸ್."

"ನಂದು?"

"ನಿಮ್ಮ ಹೆಸರು ಹಾಕಿಲ್ರಿ ಸರ್," ಎಂದಳು ಗ್ರೇಸ್.

ಸುಮ್ಮನೆ ಅಡ್ಡಾದೆ. ಕೈ ತಿರುಗುವುದು ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಕೇಳಲಿಲ್ಲ. ನಿಂತಿದೆಯೇನೋ ಎಂದು ಏಳಬೇಕೆಂದುಕೊಂಡೆ. ನಿಂತಿದ್ದರೆ ಕಾಕಾನಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ಇಂಥದೊಂದು ವಿಚಾರ ನನ್ನ ತಲೆಯಲ್ಲಿ ಪೂರ್ತಿ ವಾಕ್ಯವಾಗಿ ಬಂದದ್ದು ಅದೇ ಮೊದಲು. ಅದರ ಮುಂದಿನದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ದೀಪ ಉರಿಯುತ್ತಿತ್ತು, ಗಡಿಯಾರದಲ್ಲಿ ಒಂದು ದಾಟಿ ಹತ್ತು ನಿಮಿಷ. ಯಂತ್ರ ಓಡುತ್ತಿತ್ತು. ನನ್ನ ಸುತ್ತ ಯಾರೂ ತುಳಿಯದಂತೆ ನಾಲ್ಕು ಬುಟ್ಟಿ ಇಟ್ಟಿದ್ದರು. ತಕ್ಕಡಿಯ ಮುಂದೆ ಗ್ರೇಸ್ ಹಾನ್ ಅವರ ಜನರಿಗೆ ಅಂಕಿ ಓದಿ ಹೇಳುತ್ತಿದ್ದಳು. ನೂರು. ನೂರಾ ಒಂದು. ನೂರು. ಆ ಇಪ್ಪತ್ತು ನಿಮಿಷ ದಾಟಿಹೋಗಿತ್ತು, ನಾನಿಲ್ಲದೆ. ಸ್ವಲ್ಪ ಬೇಜಾರಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಹೊಟ್ಟೆ ತುಂಬ ಹಸಿವಾಯಿತು. ಆ ಊರಿಗೆ ಹೋದ ಮೇಲೆ ಮೊದಲ ಸಲ.

ನಾಲ್ಕಕ್ಕೆ ಪಾಳಿ ಮುಗಿಯಿತು. ಹಾನ್ ಸ್ವೀಕಾರದ ಕಾಗದ ತಂದರು. ತೂಕ, ಸರಿ. ಪಾಕೀಟಿನ ಅಂಟು, ಸರಿ. ವೇಗ, ಸರಿ. ಕೊನೆಯಲ್ಲಿ 'ದೋಷಗಳು' ಎಂಬ ಖಾನೆ. ಅಲ್ಲಿ ಅವರು ಬರೆಯತೊಡಗಿದರು, ನಿಧಾನವಾಗಿ, ಎರಡು ಸಾಲು. ನನಗೆ ಗೋಕುಲ ರಸ್ತೆಯ ಮೂವತ್ತು ಮುಖಗಳೂ ಒಮ್ಮೆಗೇ ಕಂಡವು.

"ಏನು ಬರೆದಿರಿ?"

ಅವರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಓದಿದರು. "ನಿದ್ದೆಯ ಹೊತ್ತಿನಲ್ಲಿ ಯಂತ್ರದ ಸದ್ದು: ಇಲ್ಲ. ತಂಡದ ಮುಖ್ಯಸ್ಥರ ಗೊರಕೆ: ಇದೆ, ಕೊನೆಯ ಸಾಲಿನವರೆಗೆ."

ಆಮೇಲೆ ಸಹಿ ಹಾಕಿದರು. ಮುಂದಿನ ಮೂರು ಯಂತ್ರಗಳಿಗೂ ಚೈನಿನ ಹತ್ತಿರ ಚಪ್ಪಲಿ ಹಾಕಿಯೇ ಕಳಿಸಿ ಎಂದರು. ಬಾಕ್ ಈರಪ್ಪನವರಿಂದ ಇನ್ನುಳಿದ ಸದ್ದಿಗೂ ಏನಾದರೂ ಉಪಾಯವಾದೀತೇ ಎಂದು ಕೇಳಿದರು. ಗ್ರೇಸ್ ಅದನ್ನು ಕನ್ನಡಕ್ಕೆ ತಿರುಗಿಸಿದಳು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ.

ಕಾಕಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇನ್ನೊಂದು ಚಪ್ಪಲಿ ಉಳದೈತಿ," ಎಂದರು. "ಎಲ್ಲಿ ಕೂಡಿಸ್ಬೇಕು ಅನ್ನೂದು ನೋಡಬೇಕ್ರಿ."

ಹೋಟೆಲಿಗೆ ಬಂದು ಮನೆಗೆ ಫೋನ್ ಮಾಡಿದೆ. ನಲವತ್ತೊಂದರಲ್ಲಿ ಒಂದೂ ಆಗಲಿಲ್ಲ, ಪಟ್ಟಿಯಲ್ಲಿ ಇಲ್ಲದ್ದು ಆಯಿತು ಎಂದು ನಡೆದದ್ದನ್ನು ಹೆಂಡತಿಗೆ ಹೇಳಿದೆ. ಆಕೆ ನಗಲಿಲ್ಲ. ಇಪ್ಪತ್ತನಾಲ್ಕು ವರ್ಷ ನನ್ನ ಪಕ್ಕ ಮಲಗಿದವರಿಗೆ ಅದು ನಗುವ ವಿಷಯವಲ್ಲ.

"ಅವತ್ತ ಅದನ್ನ ಹೇಳಬೇಕಂತ ಮಾಡಿದ್ದೆ," ಎಂದಳು. "ನೀವು ಭೂಕಂಪ ಬರಕೊಳ್ಳಾಕತ್ತಿದ್ರಿ."